ಸುತ್ತು ಹಾಕೋ ಕುರಿ, ಗೋಡೆಗೆ ಹಣೆ ಒತ್ತೋ ನಾಯಿ: ಮೆದುಳಲ್ಲಿ ಪೆಟ್ಟು ಎಲ್ಲಿದೆ ಅಂತ ಪತ್ತೆ ಹಚ್ಚೋದು ಹೇಗೆ

ಕುರಿ ಬೆಳಗ್ಗೆಯಿಂದ ಒಂದೇ ಕಡೆ ಸುತ್ತು ಹಾಕ್ತಿದೆ, ನಾಯಿ ಮೂಲೇಲಿ ಗೋಡೆಗೆ ಹಣೆ ಒತ್ಕೊಂಡು ನಿಂತುಬಿಟ್ಟಿದೆ, ಕರು ಕಾಲು ಎತ್ತೆತ್ತಿ ಇಡ್ತಾ ಓಲಾಡ್ತಿದೆ, ಹೀಗಂತ ಫೋನ್ ಬಂದಾಗ ಜೊತೆಗೇ ಬರೋ ಪ್ರಶ್ನೆ "ಇದು ಯಾವ ಕಾಯ್ಲೆ ಸಾರ್, ಯಾವ ಇಂಜೆಕ್ಷನ್ ಕೊಡ್ಲಿ" ಅನ್ನೋದು. ಪಶುವೈದ್ಯನಾಗಿ ನಾನು ಎಲ್ರಿಗೂ ಹೇಳೋದು ಒಂದೇ, ಕಾಯಿಲೆ ಹೆಸರು ಆಮೇಲೆ, ಜಾಗ ಮೊದಲು. ಮೆದುಳಿನ ಯಾವ ಭಾಗ ಕೆಟ್ಟಿದೆ, ಎಡಕ್ಕೋ ಬಲಕ್ಕೋ ಅಂತ ಗೊತ್ತಾದ್ರೆ ಅರ್ಧ ಕಾಯಿಲೆಗಳು ತಾವಾಗೇ ಪಟ್ಟಿಯಿಂದ ಹೊರಗೆ ಹೋಗ್ತವೆ, ಉಳಿದ ಅರ್ಧಾನ ಎಷ್ಟು ಬೇಗ ಶುರುವಾಯ್ತು, ಪ್ರಾಣಿಗೆ ವಯಸ್ಸೆಷ್ಟು, ಏನು ತಿಂದಿತ್ತು ಅಂತ ಕೇಳಿ ಇಳಿಸ್ಬೋದು. ಇದಕ್ಕೆ ಎಂಆರ್‌ಐ ಬೇಕು ಅಂತೇನಿಲ್ಲ, ಮೊಬೈಲ್ ಟಾರ್ಚು, ಒಂದು ಹತ್ತಿ ಉಂಡೆ, ತಾಳ್ಮೆ ಇದ್ರೆ ಕೊಟ್ಟಿಗೆಯಲ್ಲೇ ಸುಮಾರು ಗೊತ್ತಾಗತ್ತೆ.

ಕೈ ಹಾಕೋಕ್ ಮುಂಚೆ

ನಡವಳಿಕೆ ದಿಢೀರ್ ಬದಲಾದ ಯಾವ ಪ್ರಾಣಿನೇ ಆಗ್ಲಿ ನಮ್ಮ ದೇಶದಲ್ಲಿ ಮೊದಲನೇ ಅನುಮಾನ ರೇಬೀಸ್ ಮೇಲೇ ಇರ್ಬೇಕು. ಎಲ್ಲಾ ಹುಚ್ಚು ನಾಯಿನೂ ಅಟ್ಟಿಸ್ಕೊಂಡು ಬರಲ್ಲ, ಕೆಳದವಡೆ ಜೋತುಬಿದ್ದು, ಜೊಲ್ಲು ಸುರಿಸ್ತಾ, ಸುಮ್ನೆ ಕತ್ತಲೆ ಜಾಗದಲ್ಲಿ ಮಲಗಿರೋ ಥರಾನೂ ಬರತ್ತೆ, ಅದನ್ನ ನೋಡಿ "ಗಂಟಲಲ್ಲಿ ಮೂಳೆ ಸಿಕ್ಕಿದೆ" ಅಂತ ಬಾಯಿಗೆ ಕೈ ಹಾಕೋರು ತುಂಬಾ ಜನ. ಹಸುದಲ್ಲೂ ಅಷ್ಟೇ, ಗಂಟಲು ಒಡೆದು ಕೂಗ್ತಿದೆ, ಬೇರೆ ದನದ ಮೇಲೆ ಹತ್ತೋಕೆ ಹೋಗ್ತಿದೆ ಅಂದ್ರೆ ಬೆದೆಗೆ ಬಂದಿದೆ ಅನ್ಕೋತಾರೆ, ಮೇವು ನುಂಗ್ತಿಲ್ಲ ಅಂದ್ರೆ ಏನೋ ಸಿಕ್ಕಿಹಾಕ್ಕೊಂಡಿದೆ ಅಂತ ಮೊಣಕೈವರೆಗೂ ಬಾಯೊಳಗೆ ಹಾಕ್ತಾರೆ. ದಯವಿಟ್ಟು ಬೇಡ. ಜೊಲ್ಲು ಗಾಯಕ್ಕೆ ತಾಗಿದ್ರೆ, ಕಚ್ಚಿದ್ರೆ, ಪರಚಿದ್ರೆ, ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡೋ ಲಸಿಕೆ ಆದ್ರೆ 0, 3, 7, 28ನೇ ದಿನ, ಮಾಂಸಖಂಡಕ್ಕೆ ಕೊಡೋದಾದ್ರೆ ಮಧ್ಯೆ 14ನೇ ದಿನ ಇನ್ನೊಂದು ಸೇರತ್ತೆ. ನಾಯಿನ ಹತ್ತು ದಿನ ಗಮನಿಸಿ ನೋಡೋಣ ಅನ್ನೋದು ಸರಿ, ಆದ್ರೆ ಲಸಿಕೆ ಶುರು ಮಾಡ್ಕೊಂಡೇ ಗಮನಿಸ್ಬೇಕು, ಕಾದು ಕೂತು ಅಲ್ಲ.

ರೇಬೀಸ್ ಅನುಮಾನ ಇದ್ರೆ ಮುಂದಿನ ಪರೀಕ್ಷೆ ಯಾವುದನ್ನೂ ನೀವು ಮಾಡ್ಬೇಡಿ. ಕಟ್ಟಿ ಹಾಕೋಕಾದ್ರೆ ದೂರದಿಂದ ಕಟ್ಟಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಇಲ್ಲಾ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ.

ಮೆದುಳು ಕೆಟ್ರೂ ನಡಿಗೆ ಯಾಕೆ ಚೆನ್ನಾಗೇ ಇರತ್ತೆ

ಇದು ಅರ್ಥ ಆಗದೇ ಹೋದ್ರೆ ಮುಂದಿನದೆಲ್ಲ ತಲೆಕೆಳಗಾಗತ್ತೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಮನುಷ್ಯರಿಗೆ ಸ್ಟ್ರೋಕ್ ಆದ್ರೆ ಒಂದು ಕೈ ಕಾಲು ಬಿದ್ದುಹೋಗತ್ತೆ ಅಂತ ಎಲ್ರೂ ಕಂಡಿರ್ತಾರೆ, ಹಾಗಾಗಿ ನಾಯಿ, ಕುರಿಗೆ ಮೆದುಳಲ್ಲಿ ತೊಂದ್ರೆ ಅಂದ್ರೂ ಕಾಲು ಎಳೀಬೇಕು ಅಂತ ಕಾಯ್ತಾರೆ. ಕಾಲು ನೆಟ್ಟಗಿದೆ, ಹಾಗಾದ್ರೆ ಮೆದುಳು ಸರಿಯಾಗಿದೆ ಅಂತ ತೀರ್ಮಾನ ಮಾಡಿಬಿಡ್ತಾರೆ. 1881ರ ಆಗಸ್ಟ್‌ನಲ್ಲಿ ಲಂಡನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲಿ ಇದೇ ವಿಷಯಕ್ಕೆ ದೊಡ್ಡ ಜಟಾಪಟಿ ಆಗಿತ್ತು. ಸ್ಟ್ರಾಸ್‌ಬರ್ಗ್‌ನ ಫ್ರೀಡ್ರಿಕ್ ಗೋಲ್ಟ್ಸ್ ಅನ್ನೋ ವಿಜ್ಞಾನಿ ಮೆದುಳಿನ ಹೊರಪದರ ಬಹಳಷ್ಟು ತೆಗೆದಿದ್ದ ನಾಯಿ ತಂದು ತೋರಿಸಿದ್ರು, ಅದು ಓಡಾಡ್ತಿತ್ತು. ಬ್ರಿಟನ್ನಿನ ಮೆದುಳು ತಜ್ಞ ಡೇವಿಡ್ ಫೆರಿಯರ್ ತಂದ ಮಂಗಕ್ಕೆ ಎಡ ಮೆದುಳಲ್ಲಿ ಚಲನೆಗೆ ಸೇರಿದ ಜಾಗ ಮಾತ್ರ ತೆಗೆದಿದ್ರು, ಅದರ ಬಲಗೈ ಬಲಗಾಲು ಬಿದ್ದುಹೋಗಿತ್ತು. ಅವತ್ತು ಗೆದ್ದಿದ್ದು ಫೆರಿಯರ್, ಮೆದುಳಿನ ಒಂದೊಂದು ಜಾಗಕ್ಕೆ ಒಂದೊಂದು ಕೆಲಸ ಅನ್ನೋ ವಾದ ಗಟ್ಟಿಯಾಯ್ತು. ಆದ್ರೆ ಗೋಲ್ಟ್ಸ್ ನಾಯಿ ತೋರಿಸಿದ್ದೂ ಸುಳ್ಳಲ್ಲ. ನಾಲ್ಕು ಕಾಲಿನ ಪ್ರಾಣಿಗಳಲ್ಲಿ ನಡಿಗೆ ಅನ್ನೋ ಕೆಲಸ ಬಹುಪಾಲು ಮೆದುಳುಕಾಂಡ (ಮೆದುಳು ಬೆನ್ನುಹುರಿಗೆ ಸೇರೋ ಬುಡದ ಭಾಗ) ಮತ್ತು ಬೆನ್ನುಹುರಿ ಕೈಯಲ್ಲಿದೆ, ಮೇಲಿನ ಮುಮ್ಮೆದುಳು (ಮೆದುಳಿನ ಮುಂದಿನ ದೊಡ್ಡ ಭಾಗ) ಕೆಟ್ರೂ ಅದು ನಡೀತಾ ಇರತ್ತೆ.

ಅದೇ ಗೋಲ್ಟ್ಸ್ 1892ರಲ್ಲಿ ಪ್ರಕಟಿಸಿದ ಇನ್ನೊಂದು ನಾಯಿ ಮುಮ್ಮೆದುಳಿಲ್ಲದೇ ಹದಿನೆಂಟು ತಿಂಗಳು ಬದುಕಿತ್ತು. ನಡೀತಿತ್ತು, ಮಲಗಿ ಏಳ್ತಿತ್ತು, ಮುಟ್ಟಿದ್ರೆ ಗುರ್ ಅಂತಿತ್ತು, ಆದ್ರೆ ಯಾರನ್ನೂ ಗುರುತು ಹಿಡೀತಿರ್ಲಿಲ್ಲ, ಊಟಾನ ಮೂತಿಗೇ ತಂದು ಹಿಡೀಬೇಕಿತ್ತು. ಆ ಪ್ರಯೋಗಗಳ ಬಗ್ಗೆ ಓದುವಾಗ ಸಂಕಟ ಆಗತ್ತೆ, ಆದ್ರೂ ಇವತ್ತು ಕೊಟ್ಟಿಗೆಯಲ್ಲಿ ನಾವು ನೋಡೋದನ್ನ ಅದು ಸರಿಯಾಗಿ ವಿವರಿಸತ್ತೆ. ಮುಮ್ಮೆದುಳಿನ ದೋಷ ಕಾಲಲ್ಲಿ ಕಾಣಲ್ಲ, ನಡವಳಿಕೆಯಲ್ಲಿ ಕಾಣತ್ತೆ. ಕಲಿತಿದ್ದ ಮನೆಪಾಠ ಮರೆತು ಒಳಗೇ ಉಚ್ಚೆ ಮಾಡೋದು, ಯಜಮಾನ್ರು ಬಂದ್ರೂ ಬಾಲ ಆಡಿಸ್ದೇ ಇರೋದು, ಗೊತ್ತುಗುರಿ ಇಲ್ದೆ ನಡೆಯೋದು, ಮೂಲೆಗೆ ಹೋಗಿ ಹಿಂದೆ ಬರೋಕ್ ತಿಳೀದೇ ಅಲ್ಲೇ ನಿಲ್ಲೋದು, ಫಿಟ್ಸ್.

ತಲೆ ತಿರುಗಿದೆಯಾ, ವಾಲಿದೆಯಾ?

ಇಲ್ಲೇ ಬಹಳ ಜನ ಎಡವೋದು, ವಿಡಿಯೋ ಕಳಿಸುವಾಗ "ತಲೆ ಸೊಟ್ಟ ಮಾಡ್ಕೊಂಡಿದೆ" ಅಂತ ಬರೀತಾರೆ, ಅದರಲ್ಲಿ ಎರಡು ಬೇರೆ ಬೇರೆ ವಿಷಯ ಇದೆ. ಪ್ರಾಣಿಯ ಎದುರಿಗೆ ಕೂತು ಎರಡೂ ಕಿವಿ ಬುಡ ನೋಡಿ. ಎರಡೂ ಒಂದೇ ಮಟ್ಟದಲ್ಲಿದ್ದು ಮೂತಿ ಮಾತ್ರ ಪಕ್ಕಕ್ಕೆ, ಹೊಟ್ಟೆ ಕಡೆಗೆ ತಿರುಗಿದ್ರೆ ಅದು ತಿರುಗಿದ ತಲೆ, ಮುಮ್ಮೆದುಳಿನ ದೋಷದ ಗುರುತು. ಒಂದು ಕಿವಿ ಕೆಳಗೆ ಒಂದು ಮೇಲೆ ಆಗಿ ತಲೆ ಓರೆಯಾಗಿದ್ರೆ ಅದು ವಾಲಿದ ತಲೆ, ಅದು ಸಮತೋಲನದ ವ್ಯವಸ್ಥೆಯ ದೋಷ, ಅಂದ್ರೆ ಒಳಕಿವಿ, ಅದರ ನರ, ಮೆದುಳುಕಾಂಡ ಇಲ್ಲಾ ಕಿರುಮೆದುಳು (ಹಿಂದುಗಡೆ ಇರೋ, ಚಲನೆ ಅಳತೆ ನೋಡ್ಕೊಳೋ ಸಣ್ಣ ಭಾಗ).

ಸುತ್ತು ಕೂಡ ಎರಡು ಥರ. ಮುಮ್ಮೆದುಳಿನದಾದ್ರೆ ಸುತ್ತು ಅಗಲ, ಪ್ರಾಣಿ ಬೀಳಲ್ಲ, ಸುಮ್ನೆ ಗಾಣದ ಎತ್ತಿನ ಹಾಗೆ ನಡೀತಾನೇ ಇರತ್ತೆ, ಸಾಮಾನ್ಯವಾಗಿ ದೋಷ ಇರೋ ಕಡೆಗೇ. ಸಮತೋಲನದ್ದಾದ್ರೆ ಸುತ್ತು ಚಿಕ್ಕದು, ಒಂದು ಕಡೆ ವಾಲಿ ವಾಲಿ ಬೀಳತ್ತೆ, ಕೆಲವು ಸಲ ಉರುಳೇ ಬಿಡತ್ತೆ, ಕಣ್ಣುಗುಡ್ಡೆ ಪಟಪಟ ಓಡ್ತಿರತ್ತೆ.

ಈಗ ಕಣ್ಣು ನೋಡಿ. ಒಂದು ಕಣ್ಣನ್ನ ಅಂಗೈಯಲ್ಲಿ ಮುಚ್ಚಿ, ಇನ್ನೊಂದರ ಹತ್ರ ಬೆರಳು ದಿಢೀರ್ ತನ್ನಿ, ಗಾಳಿ ಬೀಸ್ಬಾರ್ದು, ಮೀಸೆ ಕೂದಲಿಗೆ ತಾಗ್ಬಾರ್ದು, ತಾಗಿದ್ರೆ ಕುರುಡು ಕಣ್ಣೂ ಮಿಟುಕತ್ತೆ. ಮಿಟುಕ್ಲಿಲ್ಲ ಅಂದ್ರೆ ಟಾರ್ಚ್ ಬಿಡಿ. ಪಾಪೆ ಸರಿಯಾಗಿ ಚಿಕ್ಕದಾಗ್ತಿದೆ, ಆದ್ರೂ ಆ ಕಣ್ಣಿಗೆ ಕಾಣ್ತಿಲ್ಲ ಅಂದ್ರೆ ಕಣ್ಣಲ್ಲಿ ತೊಂದ್ರೆ ಇಲ್ಲ, ಎದುರು ಬದಿಯ ಮುಮ್ಮೆದುಳಲ್ಲಿದೆ. ಹತ್ತಿ ಉಂಡೆ ಇದಕ್ಕೇ ಬೇಕು, ಕಣ್ಣ ಮುಂದೆ ಸದ್ದಿಲ್ದೆ ಬೀಳಿಸಿ, ನೋಟ ಹಿಂಬಾಲಿಸತ್ತಾ ನೋಡಿ. ಮಿಟುಕಲ್ಲ ಆದ್ರೆ ಹತ್ತಿ ನೋಡತ್ತೆ ಅಂದ್ರೆ ಕಿರುಮೆದುಳು ಇರ್ಬೋದು, ಕಣ್ಣು ಮುಚ್ಚೋ ಮುಖದ ನರಾನೂ ಇರ್ಬೋದು, ರೆಪ್ಪೆ ಅಂಚು ಮುಟ್ಟಿ ನೋಡಿ, ಆಗ ಮುಚ್ಚಿದ್ರೆ ಆ ನರ ಚೆನ್ನಾಗಿದೆ. ಎಳೇ ಮರಿಗಳಲ್ಲಿ ಈ ಮಿಟುಕೋ ಪರೀಕ್ಷೆ ನಂಬ್ಬೇಡಿ, ಅದು ಕಲಿತು ಬರೋ ಪ್ರತಿಕ್ರಿಯೆ, ನಾಯಿಮರಿಗೆ ಹತ್ತು ಹನ್ನೆರಡು ವಾರ ಆಗ್ಬೇಕು.

ಆಮೇಲೆ ಪಾದ. ನಾಯಿ ಆದ್ರೆ ಹೊಟ್ಟೆ ಕೆಳಗೆ ಕೈ ಕೊಟ್ಟು ಭಾರ ಹಿಡ್ಕೊಂಡು ಪಾದಾನ ಮಗುಚಿ, ಬೆರಳ ಮೇಲ್ಭಾಗ ನೆಲಕ್ಕೆ ತಾಗೋ ಹಾಗೆ ಇಡಿ. ಸರಿ ಇರೋ ನಾಯಿ ಇಟ್ಟ ಕೂಡ್ಲೇ ನೆಟ್ಟಗೆ ಮಾಡ್ಕೊಳತ್ತೆ. ನಡಿಗೆ ಪೂರ್ತಿ ಚೆನ್ನಾಗಿದ್ದು ಒಂದು ಬದಿಯ ಎರಡೂ ಪಾದ ಹಾಗೇ ಮಗುಚಿಕೊಂಡೇ ಇದ್ರೆ ಎದುರು ಬದಿಯ ಮುಮ್ಮೆದುಳು. ನಡಿಗೇನೂ ಕೆಟ್ಟಿದೆ, ಪ್ರಾಣಿ ಮಂಕಾಗಿದೆ, ಮುಖ ಒಂದು ಕಡೆ ಜೋತಿದೆ ಅಂದ್ರೆ ಅದೇ ಬದಿಯ ಮೆದುಳುಕಾಂಡ. ಇನ್ನು ಹಿಂಗಾಲು ಎರಡೂ ಎಳೀತಿದೆ ಆದ್ರೆ ಮುಖ, ಕಣ್ಣು, ಬುದ್ಧಿ ಎಲ್ಲಾ ಚುರುಕಾಗಿದೆ ಅಂದ್ರೆ ಮೆದುಳು ಬಿಡಿ, ಬೆನ್ನು ನೋಡಿಸಿ.

ಫಿಟ್ಸ್ ಬಂದು ನಿಂತ ತಕ್ಷಣ ಇದ್ಯಾವುದನ್ನೂ ಮಾಡ್ಬೇಡಿ, ಫಿಟ್ಸ್ ಆದ ಮೇಲೆ ಕೆಲವು ಗಂಟೆ ಕುರುಡಾಗೋದು, ಸುಮ್ಸುಮ್ನೆ ಓಡಾಡೋದು ಇರತ್ತೆ, ಅದು ಮೆದುಳಿನ ತಾತ್ಕಾಲಿಕ ಸುಸ್ತು, ಅದನ್ನ ನೋಡಿ ಜಾಗ ಹೇಳಿದ್ರೆ ತಪ್ಪಾಗತ್ತೆ. ಗಡಿಯಾರ ನೋಡ್ಕೊಳಿ, ಐದು ನಿಮಿಷ ದಾಟಿದ್ರೆ ತುರ್ತು.

ಕುರಿ ಎಡಕ್ಕೇ ತಿರುಗ್ತಿತ್ತು

ಕೊಪ್ಪಳ ಕಡೆ ಒಂದು ಹಿಂಡಲ್ಲಿ ನೋಡಿದ ಕುರಿ ಬಗ್ಗೆ ಹೇಳಿದ್ರೆ ಮೇಲಿನದೆಲ್ಲ ಹೇಗೆ ಒಟ್ಟಿಗೆ ಸೇರತ್ತೆ ಅಂತ ಗೊತ್ತಾಗತ್ತೆ. ಒಂದು ವರ್ಷದ ಒಳಗಿನ ಹೆಣ್ಣು ಕುರಿ. ಕುರಿಗಾಹಿ ಹೇಳಿದ್ದು, "ಸಾಹೇಬ್ರ, ಭಾಳ ದಿನ ಆತ್ರಿ, ಮೊದ್ಲ ಹಿಂಡಿನ ಹಿಂದ ಉಳೀತಿತ್ತು, ಈಗ ನೋಡ್ರಿ ಬರೇ ಎಡಕ್ಕ ತಿರಗತೈತಿ, ಕರದ್ರ ಬರೂದಿಲ್ಲ." ಜ್ವರ ಇಲ್ಲ. ಕಿವಿ ಬುಡ ಎರಡೂ ಸಮ, ಮೂತಿ ಎಡಕ್ಕೆ. ಸುತ್ತು ಅಗಲ, ಒಂದ್ಸಲಾನೂ ಬೀಳ್ಲಿಲ್ಲ. ಬಲಗಣ್ಣಿಗೆ ಬೆರಳು ತಂದ್ರೆ ಮಿಟುಕ್ಲಿಲ್ಲ, ಟಾರ್ಚಿಗೆ ಪಾಪೆ ಸರಿಯಾಗಿ ಚಿಕ್ಕದಾಯ್ತು. ಬಲಗಡೆ ಕಾಲು ತಪ್ಪು ಜಾಗದಲ್ಲಿಟ್ರೆ ಸರಿ ಮಾಡ್ಕೊಳೋಕೆ ನಿಧಾನ. ಎಲ್ಲಾ ಒಂದೇ ಕಡೆ ಬೊಟ್ಟು ಮಾಡ್ತಿತ್ತು, ಎಡ ಮುಮ್ಮೆದುಳು. ನಿಧಾನಕ್ಕೆ ಜಾಸ್ತಿಯಾಗಿದೆ, ಜ್ವರ ಇಲ್ಲ, ಎಳೇ ವಯಸ್ಸು, ಅಂದ್ರೆ ಒಳಗೆ ಏನೋ ಬೆಳೀತಿದೆ. ಹೆಬ್ಬೆರಳಲ್ಲಿ ನೆತ್ತಿ ಒತ್ತಿ ನೋಡಿದ್ರೆ ಬಲಗಡೆ ಮೂಳೆ ಗಟ್ಟಿ, ಎಡಗಡೆ ಒಂದು ಜಾಗದಲ್ಲಿ ಮಾತ್ರ ಮೆತ್ತಗೆ ತಗ್ತಿತ್ತು, ಅಲ್ಲಿ ಒತ್ತಿದಾಗ ಕುರಿ ತಲೆ ಕೊಡವ್ಕೊಳ್ತು.

ಇದು ಗಿಡ್ ರೋಗ. ನಾಯಿ ಕರುಳಲ್ಲಿ ಇರೋ ಟೀನಿಯಾ ಮಲ್ಟಿಸೆಪ್ಸ್ ಅನ್ನೋ ಲಾಡಿಹುಳದ ಮೊಟ್ಟೆ ನಾಯಿ ಹೇಲಿಂದ ಹುಲ್ಲಿಗೆ, ಹುಲ್ಲಿಂದ ಕುರಿ ಹೊಟ್ಟೆಗೆ, ಅಲ್ಲಿಂದ ರಕ್ತದ ಜೊತೆ ಮೆದುಳಿಗೆ ಬಂದು ನೀರು ತುಂಬಿದ ಗುಳ್ಳೆಯಾಗಿ ತಿಂಗಳುಗಟ್ಟಲೆ ಬೆಳೆಯತ್ತೆ. ಹೆಚ್ಚಿನ ಗುಳ್ಳೆಗಳು ಮುಮ್ಮೆದುಳಲ್ಲೇ ಇರ್ತವೆ, ಕಿರುಮೆದುಳಲ್ಲಿ ಕಡಿಮೆ. ಮೆತ್ತಗಾದ ಮೂಳೆ ಎಲ್ಲಿದೆ ಅಂತ ಗೊತ್ತಾದ್ರೆ ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು ಅಲ್ಲಿ ಸಣ್ಣ ತೂತು ಮಾಡಿ ಗುಳ್ಳೆನ ಮೆಲ್ಲಗೆ ಹೊರಗೆಳೀಬೋದು, ತೆಳ್ಳನೆ ಪೊರೆ, ಒಳಗೆ ತಿಳಿ ನೀರು, ಪೊರೆ ಒಳಮೈಗೆ ಬಿಳೀ ಸಣ್ಣ ಕಾಳುಗಳು ಗುಂಪು ಗುಂಪಾಗಿ ಅಂಟಿರ್ತವೆ, ಆ ಒಂದೊಂದು ಕಾಳೂ ಮುಂದೆ ನಾಯಿ ಹೊಟ್ಟೆಯಲ್ಲಿ ಒಂದೊಂದು ಹುಳ ಆಗತ್ತೆ. ಎಡ ಬಲ ತಪ್ಪಾದ್ರೆ ಒಳ್ಳೇ ಮೆದುಳಿಗೆ ತೂತು ಮಾಡ್ದಂಗೆ, ಅದಕ್ಕೇ ಕಣ್ಣು ಪಾದದ ಪರೀಕ್ಷೆ ಮೇಲೆ ನಾನು ಇಷ್ಟು ಒತ್ತಿ ಹೇಳ್ತಿರೋದು.

ಕರ್ನಾಟಕದಲ್ಲಿ 2019ರ ಜಾನುವಾರು ಗಣತಿ ಪ್ರಕಾರ 1.1 ಕೋಟಿ ಕುರಿ ಇವೆ, ಹಿಂಡಿನ ಜೊತೆ ನಾಯಿ ಇಲ್ದೇ ಕುರಿಗಾಹಿಗಳ ಬದುಕೇ ನಡೆಯಲ್ಲ. ನಾಯಿ ಬಿಡಿ ಅಂತ ಹೇಳೋದು ತಪ್ಪು. ಸುತ್ತು ಬಂದು ಸತ್ತ ಕುರಿಯ ತಲೆ ನಾಯಿಗೆ ಸಿಗ್ದಂಗೆ ಸುಡಿ ಇಲ್ಲಾ ಆಳವಾಗಿ ಹೂಳಿ, ನಾಯಿಗೆ ಪ್ರಾಜಿಕ್ವಾಂಟೆಲ್ ಮಾತ್ರೆ ಆರರಿಂದ ಎಂಟು ವಾರಕ್ಕೊಂದ್ಸಲ ಡಾಕ್ಟ್ರು ಹೇಳಿದ ಪ್ರಮಾಣದಲ್ಲಿ ಹಾಕಿ. ಅದೇ ಮೊಟ್ಟೆ ಅಪರೂಪಕ್ಕೆ ಮನುಷ್ಯರಿಗೂ ಸೇರತ್ತೆ, ನಾಯಿ ಜೊತೆ ಆಡೋ ಮಕ್ಕಳು ಕೈ ತೊಳೀಲಿ.

ಎರಡೂ ಕಡೆ ಒಂದೇ ಥರ ಕೆಟ್ಟಿದ್ರೆ

ಗುಳ್ಳೆ, ಗಡ್ಡೆ, ರಕ್ತನಾಳ ಕಟ್ಟೋದು ಇವು ಸಾಮಾನ್ಯವಾಗಿ ಒಂದು ಬದಿ ಹಿಡೀತವೆ. ಎರಡೂ ಕಣ್ಣು ಕಾಣಲ್ಲ, ಎರಡೂ ಕಡೆ ಸಮವಾಗಿ ಕೆಟ್ಟಿದೆ, ಸುತ್ತು ಇಲ್ಲ ಇಲ್ಲಾ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಅಂದ್ರೆ ವಿಷ ಇಲ್ಲಾ ಪೋಷಕಾಂಶದ ಏರುಪೇರು ಯೋಚನೆ ಮಾಡಿ, ಇದು ಒಳ್ಳೇ ಸುದ್ದಿ, ಯಾಕಂದ್ರೆ ಬೇಗ ಹಿಡಿದ್ರೆ ಬಹಳಷ್ಟು ಪ್ರಾಣಿ ಉಳೀತವೆ. ಕುರಿ ಮೇಕೆ ದಿಢೀರ್ ಕುರುಡಾಗಿ, ಆಕಾಶ ನೋಡೋ ಹಾಗೆ ತಲೆ ಮೇಲಕ್ಕೆತ್ತಿ, ಆಮೇಲೆ ಕತ್ತು ಹಿಂದಕ್ಕೆ ಸೆಟೆದು ಬಿದ್ರೆ, ಪಾಪೆ ಮಾತ್ರ ಟಾರ್ಚಿಗೆ ಸ್ಪಂದಿಸ್ತಿದ್ರೆ, ಮೊದಲು ಕೇಳ್ಬೇಕಾದ್ದು ಏನು ತಿಂದಿತ್ತು ಅಂತ. ಕೊಯ್ಲಾದ ಜೋಳದ ಹೊಲಕ್ಕೆ ನುಗ್ಗಿ ಕಾಳು ಮುಕ್ಕಿರತ್ತೆ, ಮದುವೆ ಮನೆ ಉಳಿದ ಅನ್ನ ಬಕೆಟ್‌ಗಟ್ಟಲೆ ಹಾಕಿರ್ತಾರೆ, ಹೊಟ್ಟೆಯಲ್ಲಿ ಹುಳಿ ಹೆಚ್ಚಾಗಿ ಬಿ1 ಜೀವಸತ್ವ ತಯಾರಾಗೋದು ಕೆಟ್ಟು, ಮೆದುಳಿನ ಹೊರಪದರ ಊದ್ಕೊಂಡು ಸಾಯೋಕೆ ಶುರುವಾಗತ್ತೆ. ಮೊದಲ ದಿನವೇ ಥಯಾಮಿನ್, ಅಂದ್ರೆ ಅದೇ ಬಿ1, ಇಂಜೆಕ್ಷನ್ ಸಿಕ್ಕಿದ್ರೆ ಒಂದೆರಡು ದಿನದೊಳಗೆ ಎದ್ದು ಮೇಯೋದನ್ನ ನೋಡ್ಬೋದು, ತಡ ಆದ್ರೆ ಜೀವ ಉಳಿದ್ರೂ ಕಣ್ಣು ಬರ್ದೇ ಹೋಗ್ಬೋದು.

ದನ ಇದೇ ಥರ ಕುರುಡಾಗಿ, ಹಲ್ಲು ಕಡೀತಾ, ಕಿವಿ ರೆಪ್ಪೆ ಅದುರಿಸ್ತಾ ಗೋಡೆಗೆ ತಲೆ ಒತ್ತಿದ್ರೆ ಹಳೇ ಬ್ಯಾಟರಿ, ಹಳೇ ಪೇಂಟ್ ಡಬ್ಬ ನೆಕ್ಕಿದೆಯಾ ಹುಡುಕಿ, ಸೀಸದ ವಿಷ. ಕರು ಹಾಕಿ ಕೆಲವು ವಾರ ಆದ ಹಾಲಿನ ಹಸು ಕಂಬ, ಗೊಂತು, ತನ್ನ ಮೈ ಎಲ್ಲಾ ಬಿಡದೇ ನೆಕ್ತಾ ಹುಚ್ಚುಚ್ಚಾಗಿ ಆಡಿದ್ರೆ ಕೀಟೋಸಿಸ್, ಅಂದ್ರೆ ಮೈಯಲ್ಲಿ ಸಕ್ಕರೆ ಕೊರತೆ, ಇರ್ಬೋದು, ಗ್ಲೂಕೋಸ್ ಕೊಟ್ರೆ ಸುಧಾರಿಸತ್ತೆ. ಮಳೆ ಮುಗಿದ ಮೇಲೆ ದೊಡ್ಡ ಕಚ್ಚೋ ನೊಣಗಳ ಕಾಟ ಇರೋ ಊರಲ್ಲಿ ಜ್ವರದ ಜೊತೆ ಸುತ್ತು, ರೇಗಾಟ, ಕುರುಡು ಅಂದ್ರೆ ಸರ್ರಾ (ಆ ನೊಣಗಳು ಹರಡೋ ರಕ್ತದ ಪರಾವಲಂಬಿ ಕಾಯಿಲೆ) ಮರೀಬೇಡಿ, ರಕ್ತ ಗಾಜಿನ ಮೇಲೆ ಸವರಿ ನೋಡಿಸಿ, 1880ರಲ್ಲಿ ಬ್ರಿಟಿಷ್ ಸೇನೆಯ ಪಶುವೈದ್ಯ ಗ್ರಿಫಿತ್ ಇವಾನ್ಸ್ ಪಂಜಾಬಿನಲ್ಲಿ ಕುದುರೆ ಒಂಟೆಗಳ ರಕ್ತದಲ್ಲಿ ಕಂಡ ಅದೇ ಜೀವಿ.

ನಾಯಿಗಳಲ್ಲಿ ಈ ಗುಂಪಿಗೆ ನಾವೇ ಕೊಟ್ಟ ಔಷಧಿಗಳೂ ಸೇರ್ತವೆ. ಹಸುಗೆ ತಂದ ಐವರ್ಮೆಕ್ಟಿನ್ ಉಣ್ಣೆಗೆ ಒಳ್ಳೇದು ಅಂತ ಅಂದಾಜಿಗೆ ನಾಯಿಗೆ ಚುಚ್ಚಿದ್ರೆ ಕಣ್ಣು ಕಾಣದೇ, ಜೊಲ್ಲು ಸುರಿಸಿ, ನಡುಗಿ, ಕೋಮಾಕ್ಕೂ ಹೋಗತ್ತೆ. ಭೇದಿಗೆ ಮೆಟ್ರೋನಿಡಜೋಲ್ ಜಾಸ್ತಿ ಪ್ರಮಾಣದಲ್ಲಿ, ತುಂಬಾ ದಿನ ಕೊಟ್ರೆ ನಾಯಿ ಓಲಾಡಿ ಬೀಳತ್ತೆ, ಕಣ್ಣುಗುಡ್ಡೆ ಮೇಲೆ ಕೆಳಗೆ ಓಡತ್ತೆ, ನಿಲ್ಲಿಸಿದ್ರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಸರಿಹೋಗತ್ತೆ. ಹಾಗಾಗಿ ಡಾಕ್ಟ್ರ ಹತ್ರ ಹೋಗುವಾಗ ಇಲ್ಲಿವರೆಗೆ ಕೊಟ್ಟ ಎಲ್ಲಾ ಔಷಧಿ ಬಾಟಲು ಚೀಟಿ ತಗೊಂಡು ಹೋಗಿ.

ವಾಲಿದ ತಲೆ: ಕಿವಿನಾ, ಮೆದುಳಾ

ವಯಸ್ಸಾದ ನಾಯಿ ಬೆಳಗ್ಗೆ ಎದ್ದಾಗ ತಲೆ ಒಂದು ಕಡೆ ವಾಲಿಸಿ, ವಾಂತಿ ಮಾಡ್ಕೊಂಡು, ನಿಲ್ಲೋಕಾಗ್ದೆ ಉರುಳ್ತಿದ್ರೆ ಮನೆಯವ್ರೆಲ್ಲ ಸ್ಟ್ರೋಕ್ ಅಂತ ಅಳ್ತಾ ಬರ್ತಾರೆ, ಕೆಲವ್ರು ಮಲಗಿಸಿಬಿಡೋಣ ಅಂತಾನೂ ಕೇಳ್ತಾರೆ. ಕಣ್ಣುಗುಡ್ಡೆ ಅಡ್ಡಡ್ಡ ಓಡ್ತಿದೆ, ವೇಗವಾಗಿ ಹಾರೋ ದಿಕ್ಕು ವಾಲಿದ ಕಡೆಗೆ ವಿರುದ್ಧ, ಹೆಸರು ಕೂಗಿದ್ರೆ ಗಮನ ಕೊಡತ್ತೆ, ಹಿಡ್ಕೊಂಡು ನಿಲ್ಲಿಸಿ ಪಾದ ಮಗುಚಿದ್ರೆ ನೆಟ್ಟಗೆ ಮಾಡ್ಕೊಳತ್ತೆ ಅಂದ್ರೆ ತೊಂದ್ರೆ ಮೆದುಳಿನ ಹೊರಗೆ, ಒಳಕಿವಿ ಕಡೆ. ವಯಸ್ಸಾದ ನಾಯಿಗಳಲ್ಲಿ ಕಾರಣವೇ ಇಲ್ದೆ ಬರೋ ಈ ತೊಂದ್ರೆ ಸಾಮಾನ್ಯವಾಗಿ ಮೂರು ದಿನದಲ್ಲಿ ಇಳಿಯೋಕೆ ಶುರುವಾಗಿ ಎರಡು ಮೂರು ವಾರದಲ್ಲಿ ಬಹಳ ಮಟ್ಟಿಗೆ ಹೋಗತ್ತೆ, ತಲೆ ಸ್ವಲ್ಪ ವಾಲಿದ್ದು ಹಾಗೇ ಉಳೀಬೋದು ಅಷ್ಟೇ. ಅವಸರಪಟ್ಟು ಜೀವ ತೆಗೆಯೋ ನಿರ್ಧಾರ ಮಾಡ್ಬೇಡಿ, ಮೂರು ದಿನ ಕೊಡಿ, ಕಿವಿ ಒಳಗೆ ಕೀವು ಇದೆಯಾ ನೋಡಿಸಿ.

ಕಣ್ಣುಗುಡ್ಡೆ ಮೇಲೆ ಕೆಳಗೆ ಓಡ್ತಿದ್ರೆ, ತಲೆ ತಿರುಗಿಸಿದ ಹಾಗೆ ಓಡೋ ದಿಕ್ಕು ಬದಲಾಗ್ತಿದ್ರೆ, ನಾಯಿ ಮಂಕಾಗಿದ್ರೆ, ಪಾದ ಮಗುಚಿಕೊಂಡೇ ಉಳಿದ್ರೆ ಅದು ಒಳಗಿನ ಮೆದುಳುಕಾಂಡ ಇಲ್ಲಾ ಕಿರುಮೆದುಳು, ಕಾಯೋ ಹಾಗಿಲ್ಲ. ಮೂಗು, ಪಾದದಡಿಯ ಮೆತ್ತೆ ಗಟ್ಟಿಯಾಗಿ, ಕಣ್ಣಲ್ಲಿ ಪಿಸುರು ಬಂದು ಹೋಗಿ ಕೆಲವು ವಾರ ಆದ ಮೇಲೆ ಒಂದು ಕಾಲೋ ದವಡೆಯೋ ತಾಳ ಹಾಕಿದಂಗೆ ನಿದ್ದೆಯಲ್ಲೂ ಅದುರ್ತಿದ್ರೆ ಡಿಸ್ಟೆಂಪರ್ ಅನ್ನೋ ವೈರಸ್ ಕಾಯಿಲೆ. ಕುರಿ ಮೇಕೆಯಲ್ಲಿ ಒಂದು ಕಿವಿ ಜೋತು, ಅದೇ ಬದಿ ತುಟಿ ಜೋತು, ಮೇವು ಕೆನ್ನೆಯಲ್ಲೇ ಉಳಿದು, ಜ್ವರದ ಜೊತೆ ಮಂಕಾಗಿ ಒಂದೇ ಕಡೆ ಸುತ್ತಿದ್ರೆ ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ ಅನುಮಾನಿಸಿ, ಕೆಟ್ಟ ಸೈಲೇಜ್ (ಹುದುಗಿಸಿದ ಹಸಿಮೇವು) ಹಾಕಿದ್ರಾ ಕೇಳಿ, ಬಸುರಿ ಹೆಂಗಸ್ರು ಅದರ ಹತ್ರ ಹೋಗ್ಬಾರ್ದು, ಹಾಲು ಹಸಿಯಾಗಿ ಕುಡೀಬಾರ್ದು.

ಕಿರುಮೆದುಳು ಮಾತ್ರ ಕೆಟ್ರೆ ಚಿತ್ರ ಬೇರೆ. ಶಕ್ತಿ ಪೂರ್ತಿ ಇದೆ, ಬುದ್ಧಿ ಚುರುಕು, ಆದ್ರೆ ಅಳತೆ ತಪ್ಪಿದೆ. ಕಾಲು ಬೇಕಿದ್ದಕ್ಕಿಂತ ಎತ್ತರ ಎತ್ತಿ ಧಪ್ ಅಂತ ಇಡತ್ತೆ, ಸುಮ್ನಿದ್ದಾಗ ತಲೆ ಸ್ಥಿರ, ತಟ್ಟೆಗೆ ಬಾಯಿ ಹಾಕೋಕೆ ಹೋದ ಕೂಡ್ಲೇ ತಲೆ ನಡುಗಿ ಮೂತಿ ತಟ್ಟೆಗೆ ಬಡಿಯತ್ತೆ. ಹುಟ್ಟಿದಾಗಿಂದ ಹೀಗೇ ಇದ್ದು ಜಾಸ್ತಿ ಆಗ್ದೇ ಇರೋ ಬೆಕ್ಕಿನ ಮರಿ ಅಂದ್ರೆ ತಾಯಿ ಹೊಟ್ಟೆಯಲ್ಲೇ ಪ್ಯಾನ್‌ಲ್ಯೂಕೋಪೀನಿಯಾ ವೈರಸ್ ತಗಲಿ ಕಿರುಮೆದುಳು ಬೆಳೆದಿಲ್ಲ, ಅದಕ್ಕೆ ಔಷಧಿ ಇಲ್ಲ, ಆದ್ರೆ ನೋವೂ ಇಲ್ಲ, ಅಗಲ ತಟ್ಟೆ, ಜಾರದ ನೆಲ, ಎತ್ತರಕ್ಕೆ ಹತ್ತದ ಹಾಗೆ ವ್ಯವಸ್ಥೆ ಮಾಡಿದ್ರೆ ಪೂರ್ತಿ ಆಯಸ್ಸು ಬದುಕತ್ತೆ.

ಡಾಕ್ಟ್ರಿಗೆ ವಿಡಿಯೋ ಕಳಿಸೋದಾದ್ರೆ ಎದುರಿಂದ ಕಿವಿ ಎರಡೂ ಕಾಣೋ ಹಾಗೆ ಒಂದು, ಪಕ್ಕದಿಂದ ನಡಿಗೆ ಒಂದು, ಕಣ್ಣಿನ ಹತ್ತಿರದ್ದೊಂದು ಸಾಕು, ಎಡ ಯಾವುದು ಬಲ ಯಾವುದು ಬಾಯಲ್ಲಿ ಹೇಳಿ, ಸೆಲ್ಫೀ ಕ್ಯಾಮೆರಾ ಬೇಡ, ಎಡ ಬಲ ಅದಲು ಬದಲಾಗತ್ತೆ. ನೋಡಿಸೋ ಮುಂಚೆ ಯಾರ ಮಾತು ಕೇಳಿಯೂ ಸ್ಟಿರಾಯ್ಡ್ ಚುಚ್ಚಿಸ್ಬೇಡಿ, ಎರಡು ದಿನ ಚೆನ್ನಾಗಿ ಕಾಣತ್ತೆ, ಅಷ್ಟರಲ್ಲಿ ಒಳಗಿನ ಸೋಂಕು ಹಬ್ಬಿರತ್ತೆ, ಗುರುತುಗಳೂ ಅಳಿಸಿರ್ತವೆ. ರೇಬೀಸ್ ಅನುಮಾನದಲ್ಲೇ ಪ್ರಾಣಿ ಸತ್ರೆ ಹೂಳೋಕೆ ಮುಂಚೆ ಪಶು ಆಸ್ಪತ್ರೆಗೆ ತಿಳಿಸಿ, ಮೆದುಳಿನ ಸ್ಯಾಂಪಲ್ ಐಸ್‌ನಲ್ಲಿಟ್ಟು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಲ್ಯಾಬ್‌ಗೆ ಕಳಿಸಿದ್ರೆ ಖಚಿತವಾಗಿ ಹೇಳ್ತಾರೆ. ಸ್ಯಾಂಪಲ್ ತೆಗೆಯೋದು ಲಸಿಕೆ ಹಾಕಿಸ್ಕೊಂಡಿರೋ ಸಿಬ್ಬಂದಿ ಕೆಲಸ, ನೀವು ಮುಟ್ಬೇಡಿ.